ನಾಲ್ಕನೇ ಜ್ವರದ ಮುಹೂರ್ತ

ನಮ್ಮ ಬೀದಿಯ ಹೆಂಗಸರು ವರ್ಷಕ್ಕೆ ಐದು ಸಲ ಒಗ್ಗರಣೆ ಹಾಕುವುದನ್ನು ನಿಲ್ಲಿಸುತ್ತಿದ್ದರು. ಒಂದೊಂದು ಸಲಕ್ಕೆ ಎಂಟು ದಿನ. ಸರ್ಕಾರದ ಕಾನೂನಲ್ಲ, ಗುರುಗಳ ಅಪ್ಪಣೆಯಲ್ಲ. ಜಯರಾಮಪ್ಪನವರ ಮನೆಯ ರೇಷ್ಮೆ ಹುಳುಗಳಿಗೋಸ್ಕರ ಶಿಡ್ಲಘಟ್ಟದ ಒಂದು ಬೀದಿಯ ಹನ್ನೊಂದು ಮನೆಯವರು ತಾವಾಗಿಯೇ ಒಪ್ಪಿಕೊಂಡಿದ್ದ ಶಿಕ್ಷೆ.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಸೊಪ್ಪು ತಿನ್ನುವುದು ಬಿಟ್ಟು ಅದು ಸುಮ್ಮನೆ ಕೂರುವ ಆ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳು ಗೂಡು ಕಟ್ಟುವ ತನಕ ಎಂಟು ದಿನ ಬಕಾಸುರನ ಹಾಗೆ ತಿನ್ನುತ್ತದೆ. ಆ ಎಂಟು ದಿನದಲ್ಲಿ ಒಗ್ಗರಣೆಯ ಘಾಟು ಮೂಗಿಗೆ ಬಿದ್ದರೆ ಹುಳು ಮುಖ ತಿರುಗಿಸಿಕೊಂಡು ಸಾಯುತ್ತದೆ ಎಂಬುದು ಜಯರಾಮಪ್ಪನವರ ಸಿದ್ಧಾಂತ. ಹುಳುವಿಗೆ ಮೂಗು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಾನೂ ಕೇಳಲಿಲ್ಲ. ಬೀದಿಯ ಬಾಯಲ್ಲಿ ಆ ಎಂಟು ದಿನಕ್ಕೂ 'ನಾಲ್ಕನೇ ಜ್ವರ' ಎಂದೇ ಹೆಸರಾಗಿತ್ತು.

ಜಯರಾಮಪ್ಪನವರ ಹೆಂಡತಿ ಓಬಳಮ್ಮ ಹಿಂದಿನ ದಿನವೇ ಮದುವೆಗೆ ಕರೆಯುವವರ ಹಾಗೆ ಮನೆಮನೆಗೂ ಬಂದು, "ನಾಳೆಯಿಂದ ಬೇಡ ಕಣ್ರಮ್ಮಾ" ಎಂದು ಹೇಳಿ ಹೋಗುತ್ತಿದ್ದರು. ಏನು ಬೇಡ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳೆ ಮುಗಿದ ಮೇಲೆ ನಮ್ಮ ತ್ಯಾಗಕ್ಕೆ ಪ್ರತಿಯಾಗಿ ತಲಾ ಒಂದು ಮಂಕರಿ ಹುಳುವಿನ ಹಿಕ್ಕೆ ಕೊಡುತ್ತಿದ್ದರು, ಗಿಡಕ್ಕೆ ಹಾಕಿಕೊಳ್ಳಲು. ಜಯರಾಮಪ್ಪನವರು ಮಾತ್ರ ಹುಳುಮನೆಯ ಬಾಗಿಲಲ್ಲೇ ಕೂತು ದಿನವಿಡೀ ನಶ್ಯ ಏರಿಸುತ್ತಿದ್ದರು. ಅದರ ಘಾಟು ಹುಳುಗಳಿಗೆ ರೂಢಿಯಾಗಿದೆಯಂತೆ.

ಆ ದಿನಗಳಲ್ಲಿ ನನ್ನ ಹೆಂಡತಿ ಸುಬ್ಬಲಕ್ಷ್ಮಮ್ಮ ಬಡಿಸುತ್ತಿದ್ದ ಸಪ್ಪೆ ಸಾರನ್ನು ನಾನು ಗಾಂಧೀಜಿಯವರನ್ನು ನೆನೆಸಿಕೊಂಡು ಉಣ್ಣುತ್ತಿದ್ದೆ. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಎರಡು ವಡೆ ತಿನ್ನುತ್ತಿದ್ದೆ. ಬೀದಿಯ ಗಂಡಸರೆಲ್ಲ ಅಲ್ಲೇ ಇರುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

ಜಯರಾಮಪ್ಪನವರ ಪಕ್ಕದ ಮನೆ ಲಕ್ಷ್ಮೀನರಸಮ್ಮನದು. ಹಿಂದೆ ಎರಡೂ ಒಂದೇ ಮನೆಯಾಗಿದ್ದು, ಪಾಲಾದಾಗ ನಡುವೆ ಎದ್ದ ಗೋಡೆ ಸೂರಿನ ತನಕ ಏರಲೇ ಇಲ್ಲ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯಿಂದ ನೀರು ಕೊಡಬಹುದು, ಅಷ್ಟು ಹತ್ತಿರ. ಲಕ್ಷ್ಮೀನರಸಮ್ಮನ ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮಂಚೇನಹಳ್ಳಿಯಲ್ಲಿದ್ದ ಅವಳ ತಮ್ಮ ಚಿಕ್ಕವೆಂಕಟಪ್ಪ ಜಮೀನು ನೋಡಿಕೊಂಡು ರಾಗಿ, ಬೇಳೆ ಕಳಿಸುತ್ತಿದ್ದ. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಮಗಳು ಶ್ಯಾಮಲಮ್ಮ ಎಂಟನೇ ಕ್ಲಾಸಿನ ತನಕ ನನ್ನ ಹತ್ತಿರವೇ ಓದಿದವಳು. ನಾನು ಹೇಳುತ್ತಿರುವ ಐವತ್ತೊಂಬತ್ತನೇ ಇಸವಿಯಲ್ಲಿ ಅವಳಿಗೆ ಇಪ್ಪತ್ತು ತುಂಬಿತ್ತು.

ಈ ಹುಡುಗಿಗೆ ಒಂದು ದುರದೃಷ್ಟವಿತ್ತು. ಅವಳ ಕೈಗುಣ ಒಳ್ಳೆಯದು ಎಂದು ಹೆಸರಾಗಿತ್ತು. ಎಂಟು ವರ್ಷದವಳಿದ್ದಾಗ ಆಟಕ್ಕೆಂದು ಪಕ್ಕದ ಮನೆಗೆ ಹೋಗಿ ಹುಳುವಿಗೆ ಒಂದು ಹಿಡಿ ಸೊಪ್ಪು ಹಾಕಿದಳು, ಆ ಸಲ ಬೆಳೆ ಚೆನ್ನಾಗಿ ಬಂತು. ಅಂದಿನಿಂದ ಹುಳುಮನೆಗೆ ಅವಳೇ ಆಗಬೇಕು. ಬೆಳಗಿನ ಸೊಪ್ಪು ಅವಳು ಹಾಕಬೇಕು, ತಟ್ಟೆ ಅವಳು ತಿರುಗಿಸಬೇಕು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಅವಳೇ ಬಿಡಬೇಕು. ಕೂಲಿಯ ಮಾತು ಒಮ್ಮೆಯೂ ಬರಲಿಲ್ಲ. "ನಮ್ಮ ಮಗಳಿದ್ದ ಹಾಗೆ" ಎಂದು ಓಬಳಮ್ಮ ಹನ್ನೆರಡು ವರ್ಷದಿಂದ ಹೇಳುತ್ತಿದ್ದರು. ಮಗಳಿಗೆ ಯಾರಾದರೂ ಕೂಲಿ ಕೊಡುತ್ತಾರೆಯೇ? ಯುಗಾದಿಗೆ ಒಂದು ರವಿಕೆ ಕಣ ಕೊಡುತ್ತಿದ್ದರು.

ಇನ್ನು ನನ್ನ ಪಾತ್ರ. ಲಕ್ಷ್ಮೀನರಸಮ್ಮನಿಗೆ ಓದಲು ಬಾರದು. ಮಗಳಿಗೆ ಬರುತ್ತದೆ, ಆದರೆ ಹೆಣ್ಣಿನ ಸಂಬಂಧದ ಕಾಗದವನ್ನು ಆ ಹೆಣ್ಣಿನ ಬಾಯಲ್ಲೇ ಓದಿಸುವುದು ಶುಭವಲ್ಲ ಎಂದು ತಾಯಿಯ ನಂಬಿಕೆ. ಹೀಗಾಗಿ ಚಿಕ್ಕವೆಂಕಟಪ್ಪ ಗಂಡು ಹುಡುಕಿ ಬರೆಯುವ ಕಾರ್ಡುಗಳನ್ನು ಓದುವುದು, ಉತ್ತರ ಬರೆಯುವುದು ನನ್ನ ಪಾಲಿಗೆ ಬಂತು. ನಾನು ಚಾಡಿಕೋರನಲ್ಲ. ಆದರೆ ಅವರ ಮನೆಯಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಜಯರಾಮಪ್ಪನವರ ಜಗುಲಿ ಅಡ್ಡ ಇದೆ. ಜಗುಲಿಯ ಮೇಲೆ ಎಲೆಅಡಿಕೆ ತಟ್ಟೆ ಇದೆ.

"ಬನ್ನಿ ಮೇಷ್ಟ್ರೇ, ಕೂತ್ಕೊಳಿ. ಏನಂತೆ ಕಾಗದ?"

"ಗೌರಿಬಿದನೂರಿನ ಕಡೆಯವರಂತೆ. ಹೆಣ್ಣು ನೋಡೋಕೆ ಯಾವತ್ತು ಬರಬೇಕು ಅಂತ ಕೇಳಿದ್ದಾರೆ."

"ಶುಭ ಕಾರ್ಯ! ಇರಿ, ದಿನ ನೋಡೋಣ."

ಬೀದಿಗೆಲ್ಲ ಒಂದೇ ಪಂಚಾಂಗ, ಅದು ಅವರದು. ಕನ್ನಡಕ ಏರಿಸಿ, ಬೆರಳು ಮಡಿಸಿ, ತುಟಿ ಅಲ್ಲಾಡಿಸಿ, ಒಂದು ದಿನ ಹೇಳುತ್ತಿದ್ದರು. ನಾನು ಆ ದಿನವನ್ನೇ ಬರೆಯುತ್ತಿದ್ದೆ.

ಗೌರಿಬಿದನೂರಿನವರು ಬರುವ ದಿನ ನಾಲ್ಕನೇ ಜ್ವರದ ಐದನೇ ದಿನವಾಗಿತ್ತು. ಲಕ್ಷ್ಮೀನರಸಮ್ಮ ಓಬಳಮ್ಮನ ಹತ್ತಿರ ಹೋಗಿ, ಬೀಗರಿಗೆ ಬಜ್ಜಿ, ಉಪ್ಪಿಟ್ಟು ಮಾಡಬೇಕು, ಒಂದೇ ಒಂದು ಗಂಟೆ ಬಿಡುವು ಕೊಡಿ ಎಂದು ಕೇಳಿದಳು. ಓಬಳಮ್ಮ ಅತ್ತುಬಿಟ್ಟರು. ವಿಷಯ ಜಗುಲಿಗೆ ಬಂತು. ಬೀದಿಯ ಗಂಡಸರೆಲ್ಲ ಸೇರಿ, ಪಾರ್ಲಿಮೆಂಟಿನಲ್ಲೂ ಅಷ್ಟು ಹೊತ್ತು ಮಾತಾಡುವುದಿಲ್ಲ, ಅಷ್ಟು ಹೊತ್ತು ಚರ್ಚೆ ಮಾಡಿದೆವು. ಕೊನೆಗೆ ನಾನೇ ಎದ್ದು ನಿಂತು, "ಬಾಳೆಹಣ್ಣು, ಬೆಲ್ಲದವಲಕ್ಕಿ, ಹಾಲು ಕೊಡಲಿ. ಸಾತ್ವಿಕ ಆಹಾರ. ಹುಡುಗೀನೂ ಸಾತ್ವಿಕ ಅಂತ ಅವರಿಗೆ ತಿಳಿಯುತ್ತೆ" ಎಂದೆ. ಎಲ್ಲರೂ ತಲೆದೂಗಿದರು. ಲಕ್ಷ್ಮೀನರಸಮ್ಮ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದಳು.

ಬಂದವರು ಅವಲಕ್ಕಿ ತಿಂದರು, ಹಾಲು ಕುಡಿದರು, ಬೀದಿಯನ್ನು ಆ ತುದಿಯಿಂದ ಈ ತುದಿಗೆ ಒಂದು ಥರ ನೋಡಿದರು, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಹೋದರು. ಬರೆಯಲಿಲ್ಲ. ಮುಂದಿನ ಬೆಳೆಯ ಹೊತ್ತಿಗೆ ಚಿಕ್ಕಬಳ್ಳಾಪುರದವರು ಬಂದರು. ಅವರೂ ನಾಲ್ಕನೇ ಜ್ವರಕ್ಕೇ ಬಂದರು, ಹಾಗೇ ಹೋದರು. ಮೂರನೆಯವರು ಮುದ್ದೇನಹಳ್ಳಿ ಕಡೆಯವರು, ಅವರಂತೂ ಹಾಲನ್ನೂ ಪೂರ್ತಿ ಕುಡಿಯಲಿಲ್ಲ.

ಆಮೇಲೆ ಬೀದಿ ಕಾರಣ ಹುಡುಕತೊಡಗಿತು. ಹುಡುಗಿ ಬಣ್ಣ ಸ್ವಲ್ಪ ಕಮ್ಮಿ ಎಂದರು ಒಬ್ಬರು. ತಂದೆಯಿಲ್ಲದ ಮನೆ ಎಂದರು ಇನ್ನೊಬ್ಬರು. ನನ್ನ ಹೆಂಡತಿ ಮುಂದಿನ ಹಲ್ಲಿನ ವಿಷಯ ಎತ್ತಿದಳು. ನಾನು ಎಂಟನೇ ಕ್ಲಾಸಿನ ತನಕ ಓದಿಸಿದ್ದೇ ತಪ್ಪಾಯಿತು ಎಂದೆ, ಓದಿಸಿದವನು ನಾನೇ ಆಗಿದ್ದರೂ. ಹೀಗೆ ಅವಳನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಹನ್ನೊಂದು ಮನೆಯವರು ತಲಾ ಒಂದೊಂದು ಐಬು ಹುಡುಕಿ ಇಟ್ಟೆವು. ಅವಳು ಮಾತ್ರ ಬೆಳಗಾಗೆದ್ದು ಪಕ್ಕದ ಮನೆಗೆ ಹೋಗಿ ಸೊಪ್ಪು ಹಾಕುತ್ತಲೇ ಇದ್ದಳು. ಲಕ್ಷ್ಮೀನರಸಮ್ಮ ಸೊರಗಿದಳು. ಅವಳ ತಮ್ಮನಿಗೂ ಸಾಕಾಗಿತ್ತು. ಇನ್ನೊಂದು ಸಲ ನೋಡುತ್ತೇನೆ, ಆಮೇಲೆ ನನ್ನ ಕೈಲಾಗದು ಎಂದು ಬರೆದಿದ್ದ.

ಆ ಇನ್ನೊಂದು ಸಲದ ಕಾರ್ಡು ಶ್ರಾವಣ ಕಳೆದ ಮೇಲೆ ಬಂತು. ನಾನು ಎಂದಿನಂತೆ ಲಕ್ಷ್ಮೀನರಸಮ್ಮನ ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದೆ. ಓದುವವನು ಮೊದಲು ಕಣ್ಣಾಡಿಸಿ ಆಮೇಲೆ ಬಾಯಿ ಬಿಡಬೇಕೆಂದು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ.

"ಅಕ್ಕನಿಗೆ ನಮಸ್ಕಾರಗಳು. ಇಲ್ಲಿ ಕ್ಷೇಮ. ಚಿಂತಾಮಣಿಯ ವೆಂಕಟರವಣಪ್ಪನವರು ಮಗನಿಗೆ ಹೆಣ್ಣು ನೋಡಲು ಒಪ್ಪಿದ್ದಾರೆ. ಹುಡುಗ ರಸ್ತೆ ಕೆಲಸದ ಮೇಸ್ತ್ರಿ, ಸರ್ಕಾರಿ ನೌಕರಿ. ದಿನ ತಿಳಿಸುವುದು. ಇನ್ನೊಂದು ಮಾತು. ಹೋದ ವಾರ ಗೌರಿಬಿದನೂರಿನವರು ಸಂತೆಯಲ್ಲಿ ಸಿಕ್ಕಿದ್ದರು. ಅಂದು ನಿಮ್ಮ ಅಕ್ಕನ ಮನೆಯಲ್ಲಿ ಸತ್ತವರು ಯಾರು, ಸೂತಕ ಇಟ್ಟುಕೊಂಡು ಹೆಣ್ಣು ತೋರಿಸುತ್ತಾರೆಯೇ ಎಂದು ನನ್ನನ್ನು ಬೈದರು. ಬೀದಿಯ ಒಂದು ಮನೆಯಲ್ಲೂ ಒಗ್ಗರಣೆಯ ಸದ್ದಿರಲಿಲ್ಲವಂತೆ..."

ಅಲ್ಲಿಗೆ ನನ್ನ ನಾಲಿಗೆ ನಿಂತಿತು. ಸಾವಿನ ಮನೆಯಲ್ಲಿ ಸೂತಕ ಕಳೆಯುವ ತನಕ ಒಗ್ಗರಣೆ ಹಾಕುವುದಿಲ್ಲ. ಇದು ನಮ್ಮ ಸೀಮೆಯ ಹಾಲುಗಲ್ಲದ ಕೂಸಿಗೂ ಗೊತ್ತು. ನಮಗೆಲ್ಲರಿಗೂ ಗೊತ್ತಿತ್ತು. ಹುಳುಗಳ ಗದ್ದಲದಲ್ಲಿ ಮರೆತಿದ್ದೆವು.

"ನಮ್ಮನೇಲಿ ಸೂತಕಾನಾ?" ಎಂದಳು ಲಕ್ಷ್ಮೀನರಸಮ್ಮ. "ನನ್ನ ಗಂಡ ಹೋಗಿ ಹನ್ನೆರಡು ವರ್ಷ ಆಯ್ತಲ್ಲಪ್ಪ. ಇನ್ನೂ ಮುಗಿದಿಲ್ವಾ ನನ್ನ ಸೂತಕ?" ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಒಳಗಿನಿಂದ ಶ್ಯಾಮಲಮ್ಮ ಬಂದು ಎದುರಿಗೆ ನಿಂತಳು.

"ಮೇಷ್ಟ್ರೇ, ದಿನ ಗೊತ್ತು ಮಾಡಿದ್ದು ಯಾರು?"

"ಪಂಚಾಂಗ ನೋಡಿಯೇ ಮಾಡಿದ್ದಮ್ಮ."

"ಯಾರ ಪಂಚಾಂಗ?"

ನಾನು ಕಾರ್ಡನ್ನು ತಿರುಗಿಸಿ ವಿಳಾಸ ನೋಡಿದೆ.

"ಮೂರು ಸಲಾನೂ ಬೆಳಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಕೈ ತೊಳ್ಕೊಂಡು ಬಂದು ಸೀರೆ ಉಟ್ಕೊಂಡೆ. ಮೂರು ಸಲಾನೂ ನಾಲ್ಕನೇ ಜ್ವರ. ಮೊಟ್ಟೆ ಒಡೆದ ದಿನದಿಂದ ಬೆರಳು ಮಡಿಸಿದ್ರೆ ನಾಲ್ಕನೇ ಜ್ವರ ಯಾವತ್ತು ಬರತ್ತೆ ಅಂತ ನನಗೆ ಗೊತ್ತಾಗತ್ತೆ. ಪಕ್ಕದ್ಮನೆ ಮಾವನಿಗೆ ಗೊತ್ತಾಗಲ್ವಾ?"

"ಛೆ ಛೆ, ಜಯರಾಮಪ್ಪನವರು ಅಂಥವರಲ್ಲ ಕಣಮ್ಮ. ದೊಡ್ಡವರು."

"ನೀವು ಕಾಗದ ಓದಿದ ದಿನವೇ ಅವರಿಗೆ ಹೇಗೆ ಗೊತ್ತಾಗ್ತಿತ್ತು?"

ಇದನ್ನು ಅವಳು ಸಿಟ್ಟಿನಿಂದ ಕೇಳಲಿಲ್ಲ. ಬೆತ್ತ ಹಿಡಿದ ಇಷ್ಟು ವರ್ಷದಲ್ಲಿ ನನ್ನನ್ನು ಅಷ್ಟು ಮೆತ್ತಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ.

ಆ ಸಂಜೆ ಜಗುಲಿಯ ಕಡೆ ನೋಡದೆ ಮನೆಗೆ ಹೋಗಬೇಕೆಂದುಕೊಂಡೆ. ಕಾಲು ಕೇಳಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, ಬೇರೆ ಯಾರದೋ ವಿಷಯ ಎನ್ನುವ ಹಾಗೆ, "ಪಾಪ, ಆ ಹುಡುಗಿಗೆ ಒಂದು ದಾರಿ ಆಗಬೇಕು" ಎಂದೆ.

"ಆಗಬೇಕು ಮೇಷ್ಟ್ರೇ, ಆಗಬೇಕು. ಆದ್ರೆ ಏನಕ್ಕೆ ಅವಸರ? ಅವಳು ಹೋದ್ರೆ ನಮ್ಮ ಹುಳಕ್ಕೆ ಯಾರು ಗತಿ ಹೇಳಿ. ಅವಳ ಕೈ ಬೀಳದಿದ್ರೆ ಸೊಪ್ಪು ಮುಟ್ಟಲ್ಲ ಅವು" ಎಂದು ಜಯರಾಮಪ್ಪನವರು ಕಣ್ಣೊರೆಸಿಕೊಂಡರು. ನೀರು ನಶ್ಯದಿಂದ ಬಂತೋ ಪ್ರೀತಿಯಿಂದ ಬಂತೋ ಹೇಳಲಾರೆ. ಎರಡೂ ಇದ್ದಿರಬಹುದು. ಅವರು ಕೆಟ್ಟವರಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಎದ್ದು ಹೋಗಬಹುದಿತ್ತು. ಅವರು ಪಂಚಾಂಗ ತೆಗೆದು ಚಿಂತಾಮಣಿಯವರಿಗೆ ಒಂದು ಭಾನುವಾರ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. ಬೇರೆ ದಿನ ಬರೆಯುವ ಧೈರ್ಯ ನನಗಿರಲಿಲ್ಲ, ಬಾಯಲ್ಲಿ ಅವರದೇ ಎಲೆಅಡಿಕೆ ಇತ್ತು.

ಮರುದಿನ ದಿನ ಕೇಳಿ ಲಕ್ಷ್ಮೀನರಸಮ್ಮ ಬೆರಳು ಮಡಿಸಿ, "ಅಯ್ಯೋ, ಅದೂ ನಾಲ್ಕನೇ ಜ್ವರವೇ. ಬೇಡ ಮೇಷ್ಟ್ರೇ, ಬದಲಾಯಿಸಿ" ಎಂದಳು. ಒಳಗಿನಿಂದ ಶ್ಯಾಮಲಮ್ಮ, "ಅದೇ ದಿನ ಇರಲಿ ಅಮ್ಮ" ಎಂದಳು. ನನಗೆ ಎಂಥ ನೆಮ್ಮದಿಯಾಯಿತೆಂದರೆ, ಯಾಕೆ ಎಂದು ಕೇಳದೆ ಕಾರ್ಡು ಬರೆದು ಹಾಕಿದೆ.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ವೆಂಕಟರವಣಪ್ಪ, ಹೆಂಡತಿ ಕೊಂಡಮ್ಮ, ಮಗ ಬಂದಿಳಿದರು. ಅವರನ್ನು ಕರೆತರುವ ಗೌರವ ನನ್ನದು. ನಮ್ಮ ಬೀದಿಗೆ ತಿರುಗುತ್ತಿದ್ದ ಹಾಗೆ ಕೊಂಡಮ್ಮ ನಡಿಗೆ ನಿಧಾನ ಮಾಡಿದರು. ಅಡುಗೆಯ ಹೊತ್ತು, ಹನ್ನೊಂದು ಮನೆಯಲ್ಲಿ ಒಂದರಲ್ಲೂ ಚುಂಯ್ ಎನ್ನುವ ಸದ್ದಿಲ್ಲ, ವಾಸನೆಯಿಲ್ಲ. ಹೆಂಗಸರು ಬಾಗಿಲಲ್ಲಿ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದರು, ಆರು ದಿನದಿಂದ ಸಪ್ಪೆ ಉಂಡ ಮುಖ. ಕೊಂಡಮ್ಮ ಗಂಡನ ಕಡೆ ತಿರುಗಿ ತೆಲುಗಿನಲ್ಲಿ, "ಏಮಂಡೀ, ಎವರೋ ಪೋಯಿನಟ್ಟುಂದಿ" ಎಂದರು, ಯಾರೋ ಹೋಗಿಬಿಟ್ಟ ಹಾಗಿದೆ ಎಂದು.

ಲಕ್ಷ್ಮೀನರಸಮ್ಮನ ಮನೆ ಇನ್ನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಆ ಸದ್ದು ಕೇಳಿತು. ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ಅದರ ಹಿಂದೆಯೇ ಒಣಮೆಣಸಿನಕಾಯಿ, ಇಂಗು, ಕರಿಬೇವು. ಒಂದು ಮನೆಗೆ ಹಾಕುವ ಒಗ್ಗರಣೆಯಲ್ಲ ಅದು, ಮೂರು ಬೆಳೆಯ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವ ಒಗ್ಗರಣೆ. ಬೀದಿಗೆ ಬೀದಿಯೇ ಸೀನಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು, ಅವಳ ಮುಖದಲ್ಲಿ ಅಂಥ ಸುಖವನ್ನು ನಾನು ಕಂಡಿರಲಿಲ್ಲ.

ಅತಿಥಿಗಳು ನಡುಮನೆಯಲ್ಲಿ ಕೂತರು. ಗೋಡೆಯಾಚೆಯಿಂದ ಓಬಳಮ್ಮನ ಕೂಗು ಸೂರಿನ ಮೇಲಿಂದ ಹಾದು ಬಂತು.

"ಶ್ಯಾಮಲಾ! ಹುಳ ತಲೆ ಎತ್ತಿ ನೋಡ್ತಾವೆ ಕಣೇ! ಒಲೆ ಆರಿಸೇ ನಮ್ಮಮ್ಮ!"

ಅಡುಗೆಮನೆಯಿಂದ ಉತ್ತರ ಹೋಯಿತು. "ಮೆಣಸಿನಕಾಯಿ ಬಜ್ಜಿ ಇನ್ನೂ ಒಂದು ಬಾಣಲೆ ಇದೆ ಅತ್ತೆ. ಮುಗಿಸಿ ಬಂದು ಸೊಪ್ಪು ಹಾಕ್ತೀನಿ, ಹೇಳಿ ಅವಕ್ಕೆ."

ಜಯರಾಮಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಹೊಸಿಲು ದಾಟಿದ ಮೇಲೆ ಎದುರಿಗೆ ಬೀಗರು ಕಂಡರು. ಬಾಯಿ ತೆರೆದರು, "ಒಗ್ಗರಣೆ..." ಎಂದರು, ಎತ್ತಿ ಕಟ್ಟಿದ ಪಂಚೆಯನ್ನು ಇಳಿಬಿಟ್ಟರು.

"ಬನ್ನಿ ಅಣ್ಣಾ, ಕೂತ್ಕೊಳಿ" ಎಂದರು ಕೊಂಡಮ್ಮ, ಅದು ತಮ್ಮದೇ ಮನೆ ಎನ್ನುವ ಹಾಗೆ. "ಘಮ ಅಂತಿದೆ ಅಲ್ವಾ? ನಿಮ್ಮ ಬೀದಿ ನೋಡಿ ನನಗೆ ಎದೆ ಒಡೆದೋಯ್ತು, ಯಾವ ಮನೇಲಿ ಏನಾಗಿದೆಯೋ ಅಂತ. ವಾಪಸ್ ಹೋಗಣ ಅಂದಿದ್ದೆ ಇವರಿಗೆ. ಈ ಮನೆ ಹತ್ರ ಬಂದ್ಮೇಲೆ ಜೀವ ಬಂತು ನೋಡಿ."

ಶ್ಯಾಮಲಮ್ಮ ತಟ್ಟೆಗಳನ್ನು ತಂದಳು. ಬೆಂಕಿಯ ಮುಂದೆ ಕೂತು ಮುಖ ಕೆಂಪಾಗಿತ್ತು, ಬಣ್ಣ ಕಮ್ಮಿ ಎಂದವರು ಬಂದು ನೋಡಬೇಕಿತ್ತು. ಮೊದಲ ತಟ್ಟೆಯನ್ನು ಜಯರಾಮಪ್ಪನವರ ಕೈಗೇ ಕೊಟ್ಟಳು. "ತಿನ್ನಿ ಮಾವ. ನಿಮಗೂ ಆರು ದಿನ ಆಯ್ತಲ್ಲ." ಅವರು ಬಜ್ಜಿಯನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ಬಜ್ಜಿಯನ್ನು ನೋಡಿದರು. ಕೂತರು. ನಾಲ್ಕು ತಿಂದರು, ನಾನು ಎಣಿಸಿದ್ದೇನೆ.

ಮಾತು ಅಲ್ಲೇ ಕೂಡಿತು. ಕಾಗದ ಬರೀತೀವಿ ಎನ್ನುವ ಸುದ್ದಿಯೇ ಇಲ್ಲ. ಕೊಂಡಮ್ಮ ತಾಂಬೂಲ ಕೊಟ್ಟೇ ಎದ್ದರು. ಅವರನ್ನು ಬಸ್ಸಿಗೆ ಕಳಿಸಿದ ಮೇಲೆ ಶ್ಯಾಮಲಮ್ಮ ಇಂಗಿನ ವಾಸನೆಯ ಕೈಯಲ್ಲೇ ಪಕ್ಕದ ಮನೆಗೆ ಹೋಗಿ ಹುಳುವಿಗೆ ಸೊಪ್ಪು ಹಾಕಿದಳು. ಹುಳುಗಳು ತಿಂದವು. ಎರಡು ದಿನ ಬಿಟ್ಟು ಚಂದ್ರಿಕೆ ಏರಿ ಗೂಡು ಕಟ್ಟಿದವು. ಆ ವರ್ಷದ ಐದು ಬೆಳೆಗಳಲ್ಲಿ ಅದೇ ಮೇಲು ಎಂದು ಓಬಳಮ್ಮನೇ ಹೇಳಿದರು.

ಇಷ್ಟಾದ ಮೇಲೆ ಬೀದಿಗೆ ಬುದ್ಧಿ ಬಂತೆಂದು ನೀವು ತಿಳಿಯಬಾರದು. "ಅಷ್ಟು ಘಾಟಿಗೂ ಬದುಕಿದವು ಅಂದ್ರೆ ಅವಳ ಕೈಗುಣ ಎಂಥದ್ದು ನೋಡಿ ಮೇಷ್ಟ್ರೇ" ಎಂದರು ಜಯರಾಮಪ್ಪನವರು. ಮದುವೆಯಾದ ಮೇಲಿನ ಬೆಳೆಗಳಿಗೆ ಅವಳು ಇರುವುದಿಲ್ಲವಾದ್ದರಿಂದ ನಿಷೇಧವನ್ನು ಎಂಟು ದಿನದಿಂದ ಹತ್ತು ದಿನಕ್ಕೆ ಏರಿಸಬೇಕೆಂದು ಜಗುಲಿಯ ಸಭೆಯಲ್ಲಿ ತೀರ್ಮಾನವಾಯಿತು. ನಾನೂ ಕೈ ಎತ್ತಿದೆ.

ಮಾಘದಲ್ಲಿ ಮದುವೆಯಾಯಿತು. ಹೆಣ್ಣನ್ನು ಕಳಿಸಿಕೊಡುವಾಗ ಎಲ್ಲರಿಗಿಂತ ಹೆಚ್ಚು ಅತ್ತವರು ಓಬಳಮ್ಮ. ನಾಟಕದ ಅಳುವಲ್ಲ, ನಿಜವಾದ ಅಳು. ಶ್ಯಾಮಲಮ್ಮ ನನ್ನ ಕಾಲಿಗೂ ನಮಸ್ಕಾರ ಮಾಡಿದಳು. "ಕಾಗದ ಬರೀತಾ ಇರಮ್ಮ, ನಿಮ್ಮಮ್ಮನಿಗೆ ನಾನು ಓದಿ ಹೇಳ್ತೀನಿ" ಎಂದು ಆಶೀರ್ವಾದ ಮಾಡಿದೆ. ಅವಳು ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದಳು.

ತಿಂಗಳೊಳಗೆ ಕಾಗದ ಬಂತು. ಕಾರ್ಡಲ್ಲ, ನಾಲ್ಕೂ ಕಡೆ ಅನ್ನದಗುಳಿನಿಂದ ಅಂಟಿಸಿದ ಲಕೋಟೆ. ಪೋಸ್ಟ್‌ಮ್ಯಾನ್ ಅದನ್ನು ಲಕ್ಷ್ಮೀನರಸಮ್ಮನ ಕೈಗೆ ಕೊಡುವುದನ್ನು ನಾನು ನಮ್ಮ ಕಿಟಕಿಯಿಂದ ನೋಡಿದೆ. ಕನ್ನಡಕ ಒರೆಸಿಕೊಂಡು, ಶರ್ಟು ಹಾಕಿಕೊಂಡು ಕೂತೆ, ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು. ಜಯರಾಮಪ್ಪನವರೂ ಎಲೆಅಡಿಕೆ ತಟ್ಟೆಯನ್ನು ಜಗುಲಿಗೆ ತರಿಸಿದ್ದರು.

ಲಕ್ಷ್ಮೀನರಸಮ್ಮ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಜಗುಲಿ ದಾಟಿದಳು. ನಮ್ಮ ಮನೆಯನ್ನೂ ದಾಟಿದಳು. ಆ ಉರಿಬಿಸಿಲಲ್ಲಿ ಬಸ್‌ಸ್ಟ್ಯಾಂಡಿನ ತನಕ ನಡೆದು ಹೋದಳು. ನಾನು ವಡೆ ತಿನ್ನುವ ನೆಪ ಮಾಡಿಕೊಂಡು ಹಿಂದೆಯೇ ಹೋದೆ. ಹೊರಡಲು ನಿಂತ ಯಾವುದೋ ಬಸ್ಸಿನ ಕಂಡಕ್ಟರಿಗೆ ಅವಳು ಲಕೋಟೆ ಕೊಟ್ಟಳು. ಅವನು ಮೆಟ್ಟಿಲ ಮೇಲೆ ನಿಂತು, ಮಧ್ಯೆ ಮಧ್ಯೆ "ಚಿಂತಾಮಣಿ, ಚಿಂತಾಮಣಿ" ಎಂದು ಕೂಗುತ್ತ, ಪೂರ್ತಿ ಓದಿ ಹೇಳಿದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಮಗಳು ಏನು ಬರೆದಿದ್ದಳೋ ನನಗೆ ಕೇಳಿಸಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಇದಾಗಿ ಮೂರು ವರ್ಷವಾಯಿತು. ಕಾಗದ ತಿಂಗಳಿಗೊಂದು ತಪ್ಪದೆ ಬರುತ್ತದೆ. ನಮ್ಮ ಬೀದಿಯಲ್ಲಿ ಓದು ಬಲ್ಲವರು ನನ್ನನ್ನೂ ಸೇರಿಸಿ ಏಳು ಜನ ಇದ್ದೇವೆ. ಲಕ್ಷ್ಮೀನರಸಮ್ಮ ಈಗಲೂ ಬಸ್‌ಸ್ಟ್ಯಾಂಡಿಗೇ ಹೋಗುತ್ತಾಳೆ, ಪ್ರತಿ ಸಲವೂ ಬೇರೆ ಬಸ್ಸು ನೋಡಿ, ಬೇರೆ ಕಂಡಕ್ಟರನ್ನು ಹುಡುಕಿ.